ಬಾಣಂತಿಯ ನಲವತ್ತೆರಡು ದಿನಗಳು



ದೇವಾಲಯದ ಕಲ್ಲು, ಗಂಟೆಗಳ ಚರಿತ್ರೆಯನ್ನು ಬಲ್ಲವರು ಹೇಳಿದ್ದಾರೆ. ಗುರುಗಳಿಗಿಂತಲೂ ಮೊದಲು ಮಗುವನ್ನು ಕೈಗೆತ್ತಿಕೊಂಡ ಸೂಲಗಿತ್ತಿಯ ವಿಷಯವಾಗಿ ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

ಧರ್ಮಸಭೆ ಅವಳನ್ನು ಮರೆತಿರಲಿಲ್ಲ. ಪ್ರಾಣಾಪಾಯದಲ್ಲಿರುವ ಶಿಶುವಿಗೆ ಜ್ಞಾನಸ್ನಾನ ನೀಡುವ ಕ್ರಮವನ್ನು ವಿಶ್ವಾಸಿಗಳು, ಅದರಲ್ಲೂ ಸೂಲಗಿತ್ತಿಯರೂ ವೈದ್ಯರೂ, ಚೆನ್ನಾಗಿ ಅರಿತಿರುವಂತೆ ನೋಡಿಕೊಳ್ಳಬೇಕೆಂದು 1917ರ ಧರ್ಮಸಭಾ ಸಂಹಿತೆಯು ಧರ್ಮಕೇಂದ್ರದ ಗುರುಗಳಿಗೆ ವಿಧಿಸಿತ್ತು. 1983ರ ಸಂಹಿತೆಯಲ್ಲಿ ಆ ಹೊಣೆ ಉಳಿದಿದೆ. ಸೂಲಗಿತ್ತಿಯ ಹೆಸರು ಮಾತ್ರ ಬಿಟ್ಟುಹೋಗಿದೆ. ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಹೋದುದರ ಗುರುತು ಅದೆಂದು ನಮ್ಮ ಊಹೆ.

ಹೋದದ್ದು ಒಳ್ಳೆಯದೇ ಆಯಿತು. ಆದರೆ ಸಹಜ ಹೆರಿಗೆಯಾದವಳು ಎರಡು ದಿನ ಕಳೆದು ಮನೆಗೆ ಮರಳುತ್ತಾಳೆ. ನಮ್ಮ ಸಕಲೇಶಪುರ, ಆಲೂರು ಸೀಮೆಯಲ್ಲಿ ಆ ಮನೆಯೆಂದರೆ ಎಷ್ಟೋ ವೇಳೆ ಕಾಫಿ ತೋಟದೊಳಗಿನ ಸಾಲುಮನೆ. ಹೊರಗೆ ಆಷಾಢದ ಮಳೆ, ಒಳಗೆ ಆರದ ಬಟ್ಟೆ. ಕಾಡಾನೆ ಇಳಿದಿದೆಯೆಂಬ ಸುದ್ದಿ ಬಂದರೆ ಬೆಳಕು ಹರಿದ ಮೇಲೂ ಯಾರೂ ಹೊರಡರು. ಮೊದಲ ತಿಂಗಳಲ್ಲಿ ತೀರಿಕೊಳ್ಳುವ ಶಿಶುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲಿಯೇ ತೀರಿಕೊಳ್ಳುತ್ತವೆ ಎಂಬುದನ್ನು ಇದರೊಡನೆ ಸೇರಿಸಿ ಯೋಚಿಸಬೇಕು.

ಮನೆಗೇ ಹೋಗಿ ನೋಡಿಕೊಂಡರೆ ಈ ಸಾವು ತಗ್ಗುವುದೆಂದು ಗಡಚಿರೋಲಿಯ ಹಳ್ಳಿಗಳಲ್ಲಿ ವೈದ್ಯ ದಂಪತಿಗಳಾದ ಅಭಯ್ ಬಂಗ್, ರಾಣಿ ಬಂಗ್ ತೋರಿಸಿದರು. ಅವರ ವರದಿ 1999ರಲ್ಲಿ ಪ್ರಕಟವಾಯಿತು. 2011ರಲ್ಲಿ ಸರಕಾರವು ಆ ಕೆಲಸವನ್ನು ಆಶಾ ಕಾರ್ಯಕರ್ತೆಯರಿಗೆ ವಹಿಸಿತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ 3, 7, 14, 21, 28, 42ನೆಯ ದಿನಗಳಂದು ಆರು ಭೇಟಿ. ಮನೆಯಲ್ಲಿ ಹುಟ್ಟಿದ್ದಾದರೆ ಮೊದಲ ದಿನವೂ ಒಂದು. ತೂಕ, ಮೈಯ ಶಾಖ, ಉಸಿರಿನ ಎಣಿಕೆ, ಹೊಕ್ಕುಳು, ಮೊಲೆಯುಣ್ಣುವ ರೀತಿ. ತಾಯಿಯ ರಕ್ತಸ್ರಾವ, ಜ್ವರ. ಆರಂಭದಲ್ಲಿ ಆರಕ್ಕೂ ಸೇರಿ ಅವಳಿಗೆ ಗೊತ್ತುಮಾಡಿದ್ದು 250 ರೂಪಾಯಿ! ಜೀಪಿನ ಬಾಡಿಗೆಯನ್ನು ಬಲ್ಲ ನೀವೇ ಲೆಕ್ಕ ಹಾಕಿರಿ.

ಅಜ್ಜಿಯಂದಿರು ಸಿಟ್ಟಾಗಬಾರದು. ಬಾಣಂತಿಯನ್ನು ಬೆಚ್ಚಗಿಟ್ಟು, ಕೆಲಸ ಬಿಡಿಸಿ, ಮೆಣಸಿನ ಸಾರಿನ ಬಿಸಿ ಅನ್ನವಿಕ್ಕಿದ ನಿಮ್ಮ ಬಾಣಂತನವನ್ನು ಯಾವ ವೈದ್ಯರೂ ಅಲ್ಲಗಳೆಯರು. ಆದರೆ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು, ಬಾಯಾರಿದವಳಿಗೆ ನೀರು ಕೊಡದಿರುವುದು, ಕೋಣೆಯಲ್ಲಿ ಕೆಂಡದ ಹೊಗೆ ತುಂಬುವುದು, ಹುಟ್ಟಿದ ಕೂಡಲೇ ಮಗುವಿಗೆ ಎರೆಯುವುದು, ಇವನ್ನು ಬಿಡಲೇಬೇಕು. ಮಳೆಗಾಲದ ಮಲೆನಾಡಿನಲ್ಲಿ ತಣ್ಣಗಾದ ಮಗುವನ್ನು ತಾಯಿಯ ಬರಿಯ ಎದೆಗೆ ಒರಗಿಸಿ ಹೊದಿಸಬೇಕು. ಅವಳಿಗೆ ಆಯಾಸವಾದರೆ ತಂದೆಯ ಎದೆಯೂ ಆದೀತು. ಗಂಡಸರು ನಗುತ್ತಿದ್ದಾರೆ; ನಗಲಿ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನ, ಅವರು ತೀರಿಕೊಂಡರು. ದಾದಿಯರಿಗೆ ಹದಿನೆಂಟು ತಿಂಗಳ ಪ್ರಸೂತಿ ತರಬೇತಿ ಕೊಡುವ ಕೇಂದ್ರ ಸರಕಾರದ ಮಾರ್ಗಸೂಚಿ ಹೊರಬಂದದ್ದೂ ಆ ತಿಂಗಳಲ್ಲಿಯೇ. ಅಂಥವರು ನಮ್ಮ ಬೆಟ್ಟಗಳಿಗೂ ಬೇಕು.

ಮರಿಯಮ್ಮನವರು ಎಲಿಜಬೇತಮ್ಮನ ಬಳಿಗೆ ಹೋದದ್ದೂ ಬೆಟ್ಟದ ಸೀಮೆಗೇ. ನಿಂತದ್ದು ಸುಮಾರು ಮೂರು ತಿಂಗಳು. ನಾವು ಕೇಳುವುದು ನಲವತ್ತೆರಡು ದಿನ. ಜೀಪು ಇರುವ ಮನೆಯವರು ಇಂದು ಹೊರಡುವ ಮುನ್ನ ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆಸಿ ಹೋಗಬೇಕಾಗಿ ವಿನಂತಿ.