ರಕ್ತದ ಕ್ಯಾನ್ಸರು: ಮನೆತನದ ದೋಷವೇ, ಕೆಲಸದ ಜಾಗದ ದೋಷವೇ?

(ಎರ್ನಾಕುಲಂನಲ್ಲಿ ನಮ್ಮ ಕಾರ್ಮಿಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿ ಬಂದವರೂ, ಹೋಟೆಲಿನ ಅಡಿಗೆಮನೆಯಿಂದ ನೇರವಾಗಿ ಬಂದವರೂ ಇಲ್ಲಿದ್ದೀರಿ. ಆದ್ದರಿಂದ ಸುತ್ತು ಬಳಸದೆ ವಿಷಯಕ್ಕೆ ಬರುತ್ತೇವೆ.

ಒಬ್ಬರಿಗೆ ಲ್ಯುಕೇಮಿಯ, ಅಂದರೆ ರಕ್ತದ ಕ್ಯಾನ್ಸರು, ಬಂತೆಂದು ತಿಳಿದರೆ ನಮ್ಮ ಜನ ಮೊದಲು ಕೇಳುವ ಮಾತು ಯಾವುದು? 'ಅವರ ಮನೆತನದಲ್ಲಿ ಹಿಂದೆ ಯಾರಿಗಾದರೂ ಇತ್ತೋ?' ಎಂಬುದು. ಈ ಒಂದು ಮಾತಿನಿಂದ ರೋಗಿಯ ತಂಗಿಗೆ ಬಂದ ಸಂಬಂಧ ಮುರಿದುಹೋಗುವುದುಂಟು. 'ನೀನು ಯಾವ ಅಂಟನ್ನು ಮೂಸುತ್ತ ಕೆಲಸ ಮಾಡಿದೆ, ಯಾವ ಡಬ್ಬಿಯ ದ್ರವದಲ್ಲಿ ಕೈ ತೊಳೆದೆ?' ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ವಿಚಾರಣೆ ತಲೆಕೆಳಗಾಗಿದೆ ಎಂಬುದೇ ನಮ್ಮ ವಾದ.

ರಕ್ತ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅಲ್ಲಿಯ ಒಂದು ಕಣ ಕೆಟ್ಟು, ಕೆಲಸಕ್ಕೆ ಬಾರದ ಬಿಳಿಕಣಗಳನ್ನು ಅಂಕೆಯಿಲ್ಲದೆ ಹಡೆಯತೊಡಗಿದರೆ ಅದೇ ಈ ರೋಗ. 'ಜೀನಿನಲ್ಲಿ ದೋಷವಿದೆ' ಎಂದು ಡಾಕ್ಟರು ಹೇಳಿದೊಡನೆ ನಾವು ಅದನ್ನು ವಂಶದ ದೋಷವೆಂದು ತಿಳಿಯುತ್ತೇವೆ. ಎರಡೂ ಒಂದಲ್ಲ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬಿಬ್ಬರು ಒಂದು ಬಗೆಯ ಲ್ಯುಕೇಮಿಯ ರೋಗಿಗಳ ರಕ್ತಕಣಗಳಲ್ಲಿ ಮೊಟಕಾದ ಒಂದು ಕ್ರೋಮೋಸೋಮನ್ನು ಕಂಡರು. 1973ರಲ್ಲಿ ಜಾನೆಟ್ ರೌಲಿ ಎಂಬ ವಿದ್ವಾಂಸೆ, 9ನೆಯ ಮತ್ತು 22ನೆಯ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿರುವುದೇ ಇದಕ್ಕೆ ಕಾರಣವೆಂದು ತೋರಿಸಿದರು. ಈ ಅದಲುಬದಲು ತಾಯಿತಂದೆಯರಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವಂಥದೂ ಅಲ್ಲ. ರೋಗಿಯ ಮಜ್ಜೆಯಲ್ಲಿ, ಅವನ ಬಾಳಿನ ನಡುವೆ ಆದದ್ದು.

ಹುಟ್ಟಿನಿಂದ ಬರುವ ಅಪಾಯ ಇಲ್ಲವೇ ಇಲ್ಲವೆಂದಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಲ್ಯುಕೇಮಿಯ ಇತರರಿಗಿಂತ ಬಹಳ ಹೆಚ್ಚು. ಫ್ಯಾಂಕೋನಿ ರಕ್ತಹೀನತೆಯೆಂಬ ಅಪರೂಪದ ಕಾಯಿಲೆಯಲ್ಲಿಯೂ ಹಾಗೆಯೇ. ಇದು ಸಾಮಾನ್ಯವಾಗಿ ತಾಯಿ ತಂದೆ ಇಬ್ಬರ ಕಡೆಯಿಂದಲೂ ದೋಷ ಬಂದಾಗ ತೋರುವುದರಿಂದ, ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಪದ್ಧತಿಯವರು ಸ್ವಲ್ಪ ಯೋಚಿಸಬೇಕಾದದ್ದೇ. ಆದರೆ ಇಂಥವು ಕೆಲವೇ. ಒಂದೇ ರೂಪದ ಅವಳಿ ಮಕ್ಕಳಲ್ಲಿ ಒಂದಕ್ಕೆ ಎಳವೆಯಲ್ಲಿ ರೋಗ ಬಂದರೆ ಇನ್ನೊಂದಕ್ಕೂ ಬರುವ ಸಂಭವ ಹೆಚ್ಚು. ಅದು ಕೂಡ ಮುಖ್ಯವಾಗಿ ಗರ್ಭದಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಹರಿಯುವುದರಿಂದ, ಮನೆತನದಿಂದಲ್ಲ.

ಇನ್ನು ಕೆಲಸದ ಜಾಗ. ಇಲ್ಲಿ ನೆನಪಿಡಬೇಕಾದ ಹೆಸರು ಬೆಂಜೀನ್. ಪೆಟ್ರೋಲಿನಲ್ಲಿರುವ, ಸಿಹಿವಾಸನೆಯ, ಬೇಗ ಆವಿಯಾಗುವ ದ್ರವ. ಉಸಿರಿನೊಡನೆ ಒಳಗೆ ಹೋಗಿ ಮಜ್ಜೆಯನ್ನೇ ಹಿಡಿಯುತ್ತದೆ. ಇದನ್ನು ಕಂಡುಹಿಡಿಯಲು ಬಲಿಯಾದವರು ನಮ್ಮಂಥ ಕೂಲಿಗಳೇ. ಇಸ್ತಾಂಬುಲಿನ ಚಪ್ಪಲಿ ಕೆಲಸದವರು ಗಾಳಿಯಾಡದ ಸಣ್ಣ ಕೋಣೆಗಳಲ್ಲಿ ಬೆಂಜೀನ್ ಬೆರೆತ ಅಂಟನ್ನು ಹಚ್ಚುತ್ತ ಕುಳಿತಿರುತ್ತಿದ್ದರು. ಮುಜಾಫರ್ ಅಕ್ಸೋಯ್ ಎಂಬ ಡಾಕ್ಟರು ಅವರಲ್ಲಿ 26 ಮಂದಿ ಲ್ಯುಕೇಮಿಯ ರೋಗಿಗಳನ್ನು ಗುರುತಿಸಿ 1974ರಲ್ಲಿ ಪ್ರಕಟಿಸಿದರು. ಅಂಟಿನಿಂದ ಬೆಂಜೀನನ್ನು ತೆಗೆದ ಮೇಲೆ ರೋಗ ಇಳಿಯಿತು. ಮನೆತನದ ದೋಷವಾಗಿದ್ದರೆ ಅಂಟು ಬದಲಾಯಿಸಿದ್ದಕ್ಕೆ ಇಳಿಯುತ್ತಿತ್ತೇ? 1977ರಲ್ಲಿ ಅಮೆರಿಕದ ಓಹಾಯೋದ ರಬ್ಬರ್ ಹಾಳೆ ತಯಾರಿಸುವವರಲ್ಲಿಯೂ ಇದೇ ಕಂಡಿತು.

ಬಟ್ಟೆ ಸುಕ್ಕಾಗದಂತೆ ಮಾಡುವ ಮಿಲ್ಲಿನ ವಿಭಾಗಗಳಲ್ಲಿ ಬಳಸುವ ಫಾರ್ಮಾಲ್ಡಿಹೈಡನ್ನೂ ಲ್ಯುಕೇಮಿಯಕ್ಕೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಪ್ಪಿದೆ. ಹೋಟೆಲಿನವರು ನಮಗೇನೆಂದು ಎದ್ದು ಹೋಗಬೇಡಿ. ಸೌದೆಯ ಹೊಗೆಯಲ್ಲಿ ಬೆಂಜೀನ್ ಇದೆ. ಪಾತ್ರೆ ತೊಳೆದು ಹಿತ್ತಲಲ್ಲಿ ಎಳೆಯುವ ಬೀಡಿಯಲ್ಲಿಯೂ ಇದೆ. ಆ ಬೀಡಿಯನ್ನು ನಿಮ್ಮ ಕೈಗೆ ಯಾವ ಮಾಲಿಕನೂ ಕೊಟ್ಟಿಲ್ಲ!

ಹಾಗೆಂದು ಕಂಡದ್ದಕ್ಕೆಲ್ಲ ಹೆದರುವುದೂ ಸರಿಯಲ್ಲ. ಇಲ್ಲಿಂದ ತೆಂಕಲಾಗಿ ಕರುನಾಗಪ್ಪಳ್ಳಿಯ ಕಡಲತೀರದ ಕರಿಮರಳಿನಲ್ಲಿ ಥೋರಿಯಂ ಇದ್ದು, ವಿಕಿರಣ ಸ್ವಾಭಾವಿಕವಾಗಿಯೇ ಹೆಚ್ಚು. ಹಿರೋಶಿಮಾದ ಬಾಂಬಿನಿಂದ ಬದುಕುಳಿದವರಲ್ಲಿ ಲ್ಯುಕೇಮಿಯ ಹೆಚ್ಚಿದ್ದನ್ನು ಕೇಳಿದವರಿಗೆ ಇಲ್ಲಿಯೂ ಹಾಗೆಯೇ ಎಂಬ ಭಯ ಸಹಜ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಸುಮಾರು 70,000 ಜನರನ್ನು ಹತ್ತು ವರ್ಷಕ್ಕೂ ಮಿಕ್ಕಿ ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆ ಮಣ್ಣಿನ ವಿಕಿರಣದಿಂದ ಕ್ಯಾನ್ಸರು ಹೆಚ್ಚಿದ್ದು ಕಾಣಲಿಲ್ಲ. ಒಮ್ಮೆಗೇ ಬಿದ್ದ ಭಾರಿ ಪ್ರಮಾಣ ಬೇರೆ, ದಿನದಿನದ ಅಲ್ಪ ಪ್ರಮಾಣ ಬೇರೆ.

ಕಾಸರಗೋಡಿನ ಕಡೆಯ ಸೋದರರು ಎಂಡೋಸಲ್ಫಾನಿನ ವಿಷಯ ಕೇಳುತ್ತಾರೆ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಆ ವಿಷ ಸುರಿಯಿತು. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಮಕ್ಕಳ ಅವಸ್ಥೆ ಕಂಡು, ದೈವದ ಕೋಪವೆಂದುಕೊಂಡವರಿದ್ದರು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ದೇಶದಲ್ಲೆಲ್ಲ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಎಂಡೋಸಲ್ಫಾನಿನಿಂದ ಲ್ಯುಕೇಮಿಯವೇ ಬರುತ್ತದೆಂದು ಇದರಿಂದ ಸಿದ್ಧವಾಗಲಿಲ್ಲ. ಆದರೆ ತಲೆಯ ಮೇಲೆ ಏನು ಬೀಳುತ್ತಿದೆ ಎಂದು ಕೆಳಗಿದ್ದವರು ಕೇಳತೊಡಗಿದ ಮೇಲೆಯೇ ಅದು ನಿಂತಿತು.

ನಾವು ಕೇಳಬಹುದಾದುದೇನು? ಡ್ರಮ್ಮಿನ ಮೇಲಿನ ಹೆಸರು. ಬೆಂಜೀನ್ ವಿಷವು 1948ರ ಕಾರ್ಖಾನೆ ಕಾಯಿದೆಯಲ್ಲೇ ಸರಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1971ರ ಬೆಂಜೀನ್ ಒಪ್ಪಂದಕ್ಕೆ ಭಾರತ 1991ರಲ್ಲಿ ಸಹಿ ಕೂಡಿಸಿದೆ. ಬೇರೆ ನಿರಪಾಯದ ದ್ರವ ಸಿಗುವಲ್ಲಿ ಬೆಂಜೀನನ್ನು ಬಳಸಬಾರದೆಂಬುದು ಅದರ ತಿರುಳು. ಆದ್ದರಿಂದ ಇದು ಬೇಡಿ ಪಡೆಯುವ ದಯೆಯಲ್ಲ.

ಬಹುಪಾಲು ರೋಗಿಗಳಲ್ಲಿ ಇಂಥದ್ದೇ ಕಾರಣವೆಂದು ಬೊಟ್ಟು ಮಾಡಿ ಹೇಳಲು ಬರುವುದಿಲ್ಲ. ಅದಕ್ಕಾಗಿಯೇ ಕೆಲಸದ ದಾಖಲೆ ಬೇಕು. ಯಾವ ವರ್ಷ, ಯಾವ ಖಾತೆ, ಯಾವ ದ್ರವ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ರೋಗ ಹತ್ತು ವರ್ಷ ಕಳೆದು ತಲೆಯೆತ್ತಿದಾಗ ಡಾಕ್ಟರಿಗೆ ತೋರಿಸಲು ಅದೊಂದೇ ಸಾಕ್ಷಿ. ಕಾರಣವಿಲ್ಲದ ಸುಸ್ತು, ಬಿಡದ ಜ್ವರ, ವಸಡಿನಲ್ಲಿ ರಕ್ತ, ಪೆಟ್ಟಾಗದೆ ಮೈಮೇಲೆ ನೀಲಿಗಟ್ಟುವುದು ಇವು ಕಂಡರೆ ರಕ್ತಕಣಗಳ ಎಣಿಕೆ ಮಾಡಿಸಿ. ಇ.ಎಸ್.ಐ. ಕಾರ್ಡು ಇದ್ದವರು ಅದನ್ನು ಪೆಟ್ಟಿಗೆಯಲ್ಲಿಡದೆ ಕೈಯಲ್ಲಿ ಹಿಡಿದು ಹೋಗಿ. ಮಲಯಾಳದಲ್ಲಿ ಡಾಕ್ಟರಿಗೆ ವಿವರ ಹೇಳಲು ತೊಡಕಾಗುವ ಹೊಸಬರ ಜೊತೆಗೆ ಹಳೆಯ ಸದಸ್ಯರೊಬ್ಬರು ಬರುತ್ತಾರೆ; ಹೋಗುವ ಹಿಂದಿನ ದಿನ ಸಂಘಕ್ಕೆ ತಿಳಿಸಿದರೆ ಸಾಕು.