ಬಿಸಿಲು ಬಡಿದಾಗ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು ಎಂದು ಹೆಡ್‌ಮಾಸ್ತರರು ಕರೆದರು. ಅದನ್ನು ಇನ್ನೊಮ್ಮೆ ಹೇಳುತ್ತೇನೆ. ರಾಯಚೂರು ಸೀಮೆಯ ನಾವು ಬಿಸಿಲಿನ ಬಗ್ಗೆ ಮಾತಾಡುವುದೇ ಇಲ್ಲ, ಅದು ಮನೆಯವನೇ ಎಂಬಂತೆ.

ನಾನು ಬಿಇ ಓದುವಾಗ, ಒಂದು ಮೇ ತಿಂಗಳು, ನಮ್ಮ ಕಾಕಾ ಹೊಲದಲ್ಲಿ ಬದು ಹಾಕುತ್ತಿದ್ದರು. ಮಧ್ಯಾಹ್ನ ಬುತ್ತಿ ಒಯ್ದರೆ ನನ್ನ ಗುರುತೇ ಹತ್ತಲಿಲ್ಲ. ಏನೇನೋ ತೊದಲುತ್ತಿದ್ದರು. ಕುಡಿದಾನೆ ಅಂದರು ಅಕ್ಕಪಕ್ಕದವರು. ಕಾಕಾ ಕುಡಿಯುವವರಲ್ಲ. ಮೈ ಸುಡುತ್ತಿತ್ತು, ಬೆವರೂ ಇತ್ತು. ಜ್ವರವೆಂದು ಮನೆಗೆ ತಂದು ಕಂಬಳಿ ಹೊದಿಸಿದೆವು, ಜ್ವರದ ಗುಳಿಗೆ ನುಂಗಿಸಿದೆವು. ಗಾಡಿ ಸಿಗುವಷ್ಟರಲ್ಲಿ ಎರಡು ತಾಸಾಯಿತು. ಕಾಕಾ ಉಳಿಯಲಿಲ್ಲ. ಕಂಬಳಿ ಹೊದಿಸಿದ ಕೈ ನನ್ನದೇ.

ಬಿಸಿಲಲ್ಲಿ ದುಡಿಯುವವರ ಮಾತು, ನಡಿಗೆ ತಪ್ಪಿದರೆ ಶಾಖ ಮಿದುಳಿಗೆ ತಾಗಿದೆ ಎಂದೇ ತಿಳಿಯಿರಿ. ಆಗ ಮೈಯೊಳಗಿನ ತಾಪ ಸಾಮಾನ್ಯವಾಗಿ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತೇ ಇರಬೇಕೆಂದಿಲ್ಲ. ಜ್ವರದ ಗುಳಿಗೆ ಈ ಕಾವಿಗೆ ಕೆಲಸ ಮಾಡುವುದಿಲ್ಲ. ನೆರಳಿಗೆ ತನ್ನಿ, ಅಂಗಿ ಬಿಚ್ಚಿ, ಕೊಡಗಟ್ಟಲೆ ನೀರು ಸುರಿಯಿರಿ, ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಒದ್ದೆ ಬಟ್ಟೆ ಇಡಿ. ಅಷ್ಟರಲ್ಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಗಾಡಿ ಬರುವವರೆಗೂ ನೀರು ನಿಲ್ಲಿಸಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಇದಕ್ಕೆ ಮೊದಲೇ ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನ ಸೆಳೆತ ಕಾಣಬಹುದು. ಆಗಲೇ ನೆರಳಲ್ಲಿ ಕೂಡಿಸಿ, ಓಆರ್‌ಎಸ್ ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಅರ್ಧ ತಾಸಿನಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ. ಸುಧಾರಿಸಿದರೂ ಅಂದು ಮತ್ತೆ ಸಲಿಕೆ ಕೊಡಬೇಡಿ.

ನಮ್ಮ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕೂಡುವವರಿಗೆ ಸಿಕ್ಕ ಈ ಅನುಕೂಲ ಕೂಲಿಯವರಿಗೂ ಸಿಗಬೇಕು. ಹೊಲದ ಯಜಮಾನರು ಇಲ್ಲೇ ಕೂತಿದ್ದೀರಿ, ಅದಕ್ಕೇ ಹೇಳಿದೆ.

ನಮ್ಮ ಬ್ಯಾಚಿನವರು ಪ್ರತಿ ಮಾರ್ಚಿನಲ್ಲಿ ಓಆರ್‌ಎಸ್ ಪೊಟ್ಟಣ ತಂದುಕೊಡುತ್ತೇವೆ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಇರುತ್ತದೆ. ಆದ್ದರಿಂದ ಅಗಸಿ ಹತ್ತಿರದ ಕಿರಾಣಿ ಅಂಗಡಿಯಲ್ಲಿ ಇಡಿಸೋಣ. ಹೊಲಕ್ಕೆ ಹೋಗುವಾಗ ಕೇಳಿ ಒಯ್ಯಿರಿ, ದುಡ್ಡು ಕೊಡಬೇಕಿಲ್ಲ.