ಸೋಲಿನ ಬಳಿಕದ ಸಂಭಾಷಣೆ

ಅಮೆರಿಕದ ಈಶಾನ್ಯದ ಅಂಚಿನಲ್ಲಿರುವ ಮೇನ್ ರಾಜ್ಯದ ಶಾಸನಸಭೆಯು ಅಂಗೀಕರಿಸಿ, ಗವರ್ನರ್ ಜಾನ್ ಬಾಲ್ಡಾಚಿಯವರು 2009ರ ಮೇ ತಿಂಗಳಿನಲ್ಲಿ ಅಂಕಿತವಿತ್ತ ಸಮಲಿಂಗ ವಿವಾಹದ ಶಾಸನವು, ಜಾರಿಗೆ ಬರುವುದಕ್ಕೆ ಮೊದಲೇ, ಅದೇ ವರ್ಷದ ನವೆಂಬರಿನ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 53 ಮತಗಳಿಂದ ರದ್ದಾಯಿತು. ಅದನ್ನು ಉಳಿಸಹೊರಟವರಲ್ಲಿ ಉತ್ಸಾಹವಿತ್ತು, ಎದುರಾಳಿಗಳಿಗಿಂತ ಹೆಚ್ಚು ಹಣವೂ ಇತ್ತು. ಆದರೆ ಶಾಲೆಗಳಲ್ಲಿ ಎಳೆಯ ಮಕ್ಕಳಿಗೆ ಸಮಲಿಂಗ ವಿವಾಹವನ್ನೇ ಬೋಧಿಸುವರೆಂಬ ಭೀತಿಯನ್ನು ಟೆಲಿವಿಷನ್ ಜಾಹೀರಾತುಗಳು ಬಿತ್ತಿದಾಗ, ಹಕ್ಕು, ಸಮಾನತೆ ಎಂಬ ಮಾತುಗಳು, ಎಷ್ಟೇ ನ್ಯಾಯವಾದರೂ, ತಾಯಿತಂದೆಯರ ಆತಂಕವನ್ನು ಶಮನಗೊಳಿಸಲಾರದೆ ಹೋದವು.

ನನಗೆ ಪೂಜ್ಯವೆನಿಸುವುದು ಅನಂತರದ ಅವರ ನಡೆ. ತಮ್ಮ ವಿರುದ್ಧ ಮತವಿತ್ತ ನೆರೆಯವರನ್ನು ದೂಷಿಸದೆ, ಮನೆಮನೆಯ ಬಾಗಿಲಿಗೆ ಹೋಗಿ, ವಾದವನ್ನು ಹೂಡುವುದಕ್ಕೆ ಮುನ್ನ ಆ ಮನೆಯವರ ದಾಂಪತ್ಯದ ಕಥೆಯನ್ನು ಆಲಿಸಿ, ತಾವು ಬಯಸುವುದೂ ಅದೇ ನಿಷ್ಠೆಯನ್ನು, ಅದೇ ಬಾಳಿನ ಆಸರೆಯನ್ನು ಎಂದು ನಿಧಾನವಾಗಿ ಅರುಹಿದರು. ಸೋತವರು ಗೆದ್ದವರ ಹೊಸ್ತಿಲಲ್ಲಿ ನಿಂತು ಸೌಮ್ಯವಾಗಿ ಮಾತನಾಡುವುದಕ್ಕೆ ಬೇಕಾದ ಧೈರ್ಯವು ಅಲ್ಪವೆಂದು ನಾನು ಬಗೆಯಲಾರೆ. 2012ರ ನವೆಂಬರಿನಲ್ಲಿ ಆ ಪ್ರಶ್ನೆಯನ್ನು ಅವರೇ ಮುಂದಾಗಿ ಮತದಾರರೆದುರು ಇರಿಸಿದರು. ಹಿಂದೆ ನಿರಾಕರಿಸಿದ್ದ ರಾಜ್ಯವೇ ಈ ಬಾರಿ ಸಮ್ಮತಿಯಿತ್ತಿತು, ಡಿಸೆಂಬರ್ 29ರಿಂದ ಶಾಸನವು ಜಾರಿಗೆ ಬಂದಿತು.